ಹೊಕ್ಕುಳಿಂದ ಮೂರು ಬೆರಳು ಮೇಲೆ

ಅಳತೆಯನ್ನು ಬಾಯಿಬಿಟ್ಟು ಹೇಳಬಾರದು ಎಂಬುದು ದರ್ಜಿಯಮ್ಮ ತಾನೇ ಮಾಡಿಕೊಂಡಿದ್ದ ಕಟ್ಟಳೆ. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಒಲೆಯ ಮೇಲೆ ಪಾತ್ರೆ ಇಟ್ಟು ಬಂದು ಒಂದು ತೋಳು ಜೋಡಿಸುವಳು, ಅದು ಕುದಿಯುವಷ್ಟರಲ್ಲಿ ಕಾಲರು ತಿರುವಿ ಹಾಕುವಳು. ದಪ್ಪಗಿದ್ದವರು ಹೊಟ್ಟೆ ಒಳಗೆಳೆದುಕೊಂಡು ನಿಂತರೆ ಅದೂ ಇದೂ ಕೇಳುತ್ತ, ಅವರು ನಕ್ಕು ಉಸಿರು ಬಿಟ್ಟ ಗಳಿಗೆಗೆ ಟೇಪು ನೋಡಿ, ತುಟಿ ಪಿಟಕ್ಕೆನ್ನದೆ ಪುಸ್ತಕದಲ್ಲಿ ಬರೆದುಕೊಳ್ಳುವಳು. ಒಬ್ಬರ ಸೊಂಟ ಎಷ್ಟೆಂದು ಇನ್ನೊಬ್ಬರಿಗೆ ಯಾಕೆ ಗೊತ್ತಾಗಬೇಕು? ಅವರಿಗೇ ಆದರೂ ಯಾಕೆ?

ಆ ಪುಸ್ತಕದಲ್ಲಿ ಅವಳ ಮಗಳಿಗೂ ಒಂದು ಪುಟವಿತ್ತು. ಮೇಲೆ 'ಪುಟ್ಟಿ' ಎಂದು ಬರೆದಿತ್ತು. ಪುಟ್ಟಿಗೆ ಈಗ ಮೂವತ್ತೊಂದು ವರ್ಷ, ತೂಕ ನೂರ ಹದಿನೆಂಟು ಕಿಲೋ. ಶಿಶುವಿಹಾರದಲ್ಲಿ ಟೀಚರು. ಅಲ್ಲಿನ ಮಕ್ಕಳು ಅವಳನ್ನು 'ಮೆತ್ತನೆ ಟೀಚರ್' ಎಂದು ಕರೆದು, ಅಳು ಬಂದಾಗ ಅವಳ ತೊಡೆಯನ್ನೇ ಹುಡುಕಿಕೊಂಡು ಬರುತ್ತಿದ್ದವು.

ಒಂದು ದಿನ ಕಥೆ ಹೇಳಲು ನೆಲದ ಮೇಲೆ ಕೂತವಳಿಗೆ ಏಳಲಾಗಲಿಲ್ಲ. ಮಂಡಿ ಹಿಡಿದುಕೊಂಡಿತ್ತು. ಆಯಾ ಮತ್ತು ಇನ್ನೊಬ್ಬ ಟೀಚರು ಸೇರಿ ಎತ್ತಿದರು. ಇದೇನೋ ಹೊಸ ಆಟವೆಂದು ಮಕ್ಕಳು ಚಪ್ಪಾಳೆ ತಟ್ಟಿದವು. ಶಾಲೆಯಲ್ಲಿ ಪುಟ್ಟಿ ತಾನೂ ನಕ್ಕು, ಮನೆಗೆ ಬಂದು ಅತ್ತಳು. ಮೂಳೆ ಡಾಕ್ಟರು ಸಿಟ್ಟು ಮಾಡಲಿಲ್ಲ, ಬೈಯಲೂ ಇಲ್ಲ. ಮಂಡಿ ಉಳಿಯಬೇಕಾದರೆ ತೂಕ ಇಳಿಯಬೇಕು, ಅದು ಒಬ್ಬಳೇ ಹಲ್ಲು ಕಚ್ಚಿ ಮಾಡುವ ಕೆಲಸವಲ್ಲ ಎಂದು ಹೇಳಿ, ದೊಡ್ಡ ಆಸ್ಪತ್ರೆಯ ತೂಕದ ವಿಭಾಗಕ್ಕೆ ಚೀಟಿ ಬರೆದುಕೊಟ್ಟರು. ಊಟ ನೋಡುವವರು, ವ್ಯಾಯಾಮ ಹೇಳಿಕೊಡುವವರು, ಬೇಕಾದರೆ ಮಾತ್ರೆ, ಅದಕ್ಕೂ ಬಗ್ಗದಿದ್ದರೆ ಆಪರೇಷನ್ ಮಾಡುವವರು, ಎಲ್ಲರೂ ಅಲ್ಲಿದ್ದಾರಂತೆ. ಸರದಿ ಸಿಕ್ಕಿದ್ದು ಏಳು ತಿಂಗಳ ನಂತರದ ಒಂದು ಗುರುವಾರಕ್ಕೆ. ಆ ದಿನ ತಪ್ಪಿಸಿಕೊಂಡರೆ ಮತ್ತೆ ಸಾಲಿನ ಬಾಲಕ್ಕೆ ಹೋಗಬೇಕು.

ಅಷ್ಟರಲ್ಲಿ ಮೂಲೆಯ ಕಟ್ಟಡದಲ್ಲಿ ಗಾಜಿನ ಬಾಗಿಲಿನ ಕ್ಲಿನಿಕ್ಕು ಕಣ್ಣಿಗೆ ಬಿತ್ತು. ಕತ್ತರಿ ಇಲ್ಲ, ಸೂಜಿ ಇಲ್ಲ, ಮಲಗಿದ್ದು ಎದ್ದು ಹೋಗಿ, ಕೊಬ್ಬು ತಣ್ಣಗೆ ಕರಗುತ್ತದೆ ಎಂದು ಗಾಜಿನ ಮೇಲೆ ಬರೆದಿತ್ತು. ಪಕ್ಕದ ಚಿತ್ರದಲ್ಲಿದ್ದ ಹುಡುಗಿಗೆ ಕರಗಿಸಲು ಏನಿತ್ತೋ ದೇವರೇ ಬಲ್ಲ. ದರ್ಜಿಯಮ್ಮನ ಲೆಕ್ಕದಲ್ಲಿ ಅವಳದು ಇಪ್ಪತ್ತಾರು ಇಂಚಿನ ಸೊಂಟ. ಆದರೂ ಮಗಳ ಕಣ್ಣಲ್ಲಿ ಎಷ್ಟೋ ವರ್ಷದ ಮೇಲೆ ಬೆಳಕು ಕಂಡಿತ್ತು. ತಾಯಿ ಮಾತು ನುಂಗಿಕೊಂಡು ಮೊದಲ ದಿನ ಜೊತೆಗೆ ಹೋದಳು. ಬಿಳಿ ಕೋಟಿನ ಹುಡುಗಿ ಪುಟ್ಟಿಯ ಹೊಕ್ಕುಳ ಮೇಲೆ ಸರಿಯಾಗಿ ಟೇಪು ಸುತ್ತಿ ಅಳತೆ ಬರೆದುಕೊಂಡದ್ದನ್ನು ನೋಡಿದಳು. ಟೇಪು ಕಂಡ ಕಡೆ ಅವಳ ಕಣ್ಣು ತಾನಾಗಿ ಹೋಗುತ್ತದೆ.

ಆಮೇಲೆ ಮೂರು ತಿಂಗಳು. ಯಂತ್ರದ ಬಟ್ಟಲು ಹೊಟ್ಟೆಯ ಒಂದು ಮಡಿಕೆಯನ್ನು ಹೀರಿ ಹಿಡಿದು ಐಸಿನಂತೆ ತಣ್ಣಗೆ ಮಾಡಿ ಮರಗಟ್ಟಿಸುವುದು, ಪುಟ್ಟಿ ಕೆಂಪಾದ ಹೊಟ್ಟೆ ಹೊತ್ತು ಮನೆಗೆ ಬರುವುದು. ಪ್ಯಾಂಟಿನ ಪಟ್ಟಿ ಆ ಜಾಗಕ್ಕೇ ಒತ್ತುತ್ತಿತ್ತು. ಮಗಳು ಶಾಲೆಗೆ ಹೋಗಿದ್ದ ಒಂದು ಮಧ್ಯಾಹ್ನ ತಾಯಿ ಕರುಳು ತಡೆಯದೆ ಆ ಪ್ಯಾಂಟಿನ ಹಿಂದಿನ ಹೊಲಿಗೆ ಬಿಚ್ಚಿ ಎರಡು ಬೆರಳಷ್ಟು ಬಿಟ್ಟು ಹೊಲಿದಳು. ಇಸ್ತ್ರಿ ಹಾಕಿ ಹಳೆಯ ಗೆರೆಯನ್ನೂ ಅಳಿಸಿದಳು. ಇದು ಹೊಸದೇನಲ್ಲ. ಪುಟ್ಟಿ ಹೈಸ್ಕೂಲಿಗೆ ಹೋಗುತ್ತಿದ್ದಾಗಿನಿಂದ ಅವಳ ಬಟ್ಟೆಗಳು ಹೀಗೆ ಸದ್ದಿಲ್ಲದೆ ಅಗಲವಾಗುತ್ತಲೇ ಬಂದಿದ್ದವು.

ಮರುವಾರ ಆ ಪ್ಯಾಂಟು ತೊಟ್ಟ ಪುಟ್ಟಿ ಅಡುಗೆಮನೆಗೆ ಓಡಿ ಬಂದಳು. ಸೊಂಟದ ಪಟ್ಟಿಯೊಳಗೆ ಅಂಗೈ ತೂರಿಸಿ ತೋರಿಸಿದಳು. ಕರಗ್ತಾ ಇದೆ ನೋಡಮ್ಮ ಎಂದಳು. ತಾಯಿಯ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಹೇಳಬೇಕಾದ ಮಾತು ನಾಲಿಗೆಯ ತುದಿಗೆ ಬಂದು ಹಿಂದೆ ಹೋಯಿತು. ಅದೇ ಉಸಿರಿನಲ್ಲಿ ಮಗಳು, ಇನ್ನು ಆ ಗುರುವಾರದ ಆಸ್ಪತ್ರೆ ಬೇಡ, ಅವತ್ತೇ ಕ್ಲಿನಿಕ್ಕಿನಲ್ಲಿ ಎರಡನೇ ಸುತ್ತು ಶುರು ಎಂದುಬಿಟ್ಟಳು.

ಆ ಗುರುವಾರಕ್ಕೆ ಎರಡೇ ದಿನ ಇತ್ತು. ಮಂಗಳವಾರ ಬೆಳಿಗ್ಗೆ ಅಳತೆ ನೋಡಲು ಕ್ಲಿನಿಕ್ಕಿನಿಂದ ಕರೆ ಬಂತು. ದರ್ಜಿಯಮ್ಮ ಒಲೆ ಆರಿಸಿ ಮಗಳ ಜೊತೆ ಹೊರಟಳು. ಕುತ್ತಿಗೆಯಲ್ಲಿದ್ದ ಟೇಪು ತೆಗೆಯಲು ಮರೆತಿದ್ದಳು.

ಬಿಳಿ ಕೋಟಿನ ಹುಡುಗಿ ಟೇಪು ಸುತ್ತಿದಳು. ಈ ಸಲ ಹೊಕ್ಕುಳ ಮೇಲಲ್ಲ. ಅಲ್ಲಿಂದ ಮೂರು ಬೆರಳು ಮೇಲೆ, ಪಕ್ಕೆಲುಬಿನ ಕೆಳಗೆ ಮೈ ತುಸು ಒಳಗೆ ಹೋಗುವ ಕಡೆ. ಸುತ್ತಿದ್ದನ್ನು ಚರ್ಮದೊಳಗೆ ಗೀಟು ಬೀಳುವಷ್ಟು ಎಳೆದಳು. "ನಾಲ್ಕು ಇಂಚು ಇಳಿದಿದೆ ಮೇಡಂ" ಎಂದಳು. ಪುಟ್ಟಿ ತಾಯಿಯ ಕಡೆ ತಿರುಗಿ ಮಕ್ಕಳ ಹಾಗೆ ನಕ್ಕಳು.

ಆ ನಗು ನೋಡಿ ದರ್ಜಿಯಮ್ಮನ ಮೈಯೆಲ್ಲ ಉರಿದುಹೋಯಿತು. ಕಸುಬಿನಲ್ಲಿ ಬಟ್ಟೆ ಕದಿಯುವವರನ್ನು ಅವಳು ಕಂಡಿದ್ದಳು. ಅಳತೆಯನ್ನೇ ಕದಿಯುವವರನ್ನು ಇವತ್ತೇ ಕಂಡದ್ದು.

"ಸ್ವಲ್ಪ ಸರ್ಕೊಳ್ಳಿ ತಾಯಿ" ಎಂದು ಹುಡುಗಿಗೆ ಹೇಳಿ, ತನ್ನ ಟೇಪು ತೆಗೆದು ಹೊಕ್ಕುಳ ಮೇಲೆ ಸುತ್ತಿದಳು. ಮೊದಲ ದಿನದ ಅಂಕಿಗೂ ಇದಕ್ಕೂ ಅರ್ಧ ಇಂಚೂ ವ್ಯತ್ಯಾಸವಿಲ್ಲ. ಹುಡುಗಿ ಕಕ್ಕಾಬಿಕ್ಕಿಯಾಗಿ ಕ್ಲಿನಿಕ್ಕಿನ ಡಾಕ್ಟರನ್ನು ಕರೆತಂದಳು. ಡಾಕ್ಟರು ಸಮಾಧಾನದ ದನಿಯಲ್ಲಿ, ಟೇಪು ಹಿಡಿಯುವ ಕೈಯಲ್ಲಿ ವ್ಯತ್ಯಾಸ ಇದ್ದದ್ದೇ, ಪ್ಯಾಂಟು ಸಡಿಲವಾಗಿರುವುದು ಕಣ್ಣಿಗೇ ಕಾಣುತ್ತದಲ್ಲ ಎಂದರು.

"ಹೌದಮ್ಮ, ಪ್ಯಾಂಟು ಸಡಿಲ ಆಗಿದೆ" ಎಂದಳು ಪುಟ್ಟಿ. ದನಿ ಆಗಲೇ ಸಣ್ಣದಾಗಿತ್ತು.

ದರ್ಜಿಯಮ್ಮ ಟೇಪು ಕೆಳಗಿಳಿಸಿದಳು. "ಅದನ್ನ ಬಿಚ್ಚಿ ಹೊಲಿದಿದ್ದು ನಾನು ಪುಟ್ಟಿ. ನಿಂಗೆ ಒತ್ತುತ್ತೆ ಅಂತ."

ಪುಟ್ಟಿ ಅಂಗಿ ಕೆಳಗೆಳೆದುಕೊಂಡು ಗೋಡೆ ನೋಡುತ್ತ ಕೂತಳು. ತಾಯಿ ಡಾಕ್ಟರ ಕಡೆ ತಿರುಗಿದಳು. ಕೂಗಲಿಲ್ಲ. ಈ ಯಂತ್ರ ಯಾರಿಗೆ, ಅಷ್ಟು ಮಾತ್ರ ಹೇಳಿ ಎಂದಳು. ಅವರು ಸುತ್ತಿ ಬಳಸಿ ಕೊನೆಗೆ ಒಪ್ಪಿಕೊಂಡರು: ತೂಕ ಹೆಚ್ಚುಕಡಿಮೆ ಸರಿಯಾಗಿಯೇ ಇದ್ದು, ಎಷ್ಟು ಮಾಡಿದರೂ ಹೋಗದ ಸಣ್ಣ ಉಬ್ಬು ಒಂದು ಕಡೆ ಉಳಿದವರಿಗೆ. ಬಟ್ಟಲೊಳಗೆ ಹಿಡಿಯುವಷ್ಟು ಕೊಬ್ಬಿನಲ್ಲಿ ಒಂದು ಪಾಲು ಮಾತ್ರ ಕರಗುತ್ತದೆ. ತೂಕ ಇಳಿಸುವ ಚಿಕಿತ್ಸೆ ಇದಲ್ಲವೆಂದು ಸಹಿ ಹಾಕಿದ ಕಾಗದದಲ್ಲೇ ಇದೆ.

"ಕಾಗದಕ್ಕೆ ಹೇಳಿದಿರಿ. ನನ್ನ ಮಗಳಿಗೆ ಯಾಕೆ ಹೇಳಲಿಲ್ಲ?"

ಅವರೇ ಆಸೆಪಟ್ಟು ಕೇಳಿದರು ಎಂದರು ಡಾಕ್ಟರು.

"ಆಸೆಪಟ್ಟು ಬಂದವಳಿಗೆ ಇದು ನಿಮಗಲ್ಲ ಅನ್ನೋದು ನಿಮ್ಮ ಕೆಲಸ. ನನ್ನ ಹತ್ರ ಗೇಣು ಬಟ್ಟೆ ತಂದು ಕೋಟು ಹೊಲಿ ಅಂದ್ರೆ ಆಗಲ್ಲ ಅಂತೀನಿ. ಕತ್ತರಿ ಹಿಡಿದವಳಿಗೆ ಇರೋ ಮರ್ಯಾದೆ ಬಿಳಿ ಕೋಟು ಹಾಕಿದವರಿಗೆ ಬೇಡ್ವಾ?"

ಉತ್ತರಕ್ಕೆ ಕಾಯದೆ ಪುಟ್ಟಿ ಎದ್ದು ಹೊರಟಳು. ಮೆಟ್ಟಿಲಿನ ಪಕ್ಕದ ಕಂಬಿ ಹಿಡಿದು ಒಂದೊಂದೇ ಇಳಿದಳು. ಮನೆ ಸೇರಿ ಹೊಲಿಗೆ ಯಂತ್ರದ ಮುಂದಿನ ಸ್ಟೂಲಿನ ಮೇಲೆ ಕೂತಮೇಲೆ ಬಾಯಿ ಬಿಟ್ಟಳು.

"ಅವರೇನೋ ಹೊರಗಿನವರು. ನೀನು ಎಷ್ಟು ವರ್ಷದಿಂದ ಹೀಗೆ ಮಾಡ್ತಿದೀಯ?"

ತಾಯಿ ಅಳತೆ ಪುಸ್ತಕ ತೆಗೆದು 'ಪುಟ್ಟಿ' ಎಂಬ ಪುಟ ಅವಳ ಮುಂದಿಟ್ಟಳು. ಹದಿನೇಳು ವರ್ಷದ ಅಂಕಿಗಳು ಒಂದರ ಕೆಳಗೊಂದು ಇದ್ದವು.

"ಎಲ್ಲರೂ ಸುಳ್ಳು ಹೇಳಿದೀರಲ್ಲಮ್ಮ" ಎಂದಳು ಮಗಳು. "ನಂಗೆ ಗೊತ್ತಾದ್ರೆ ತಡ್ಕೊಳಲ್ಲ ಅಂದ್ಕೊಂಡ್ರಾ? ದಪ್ಪ ಇದೀನಿ ಅಂತ ಬಸ್ಸಲ್ಲಿ ಪಕ್ಕ ಕೂತವರೂ ಹೇಳ್ತಾರೆ. ಸರಿಯಾದ ಲೆಕ್ಕ ಒಬ್ಬರೂ ಹೇಳಲ್ಲ."

ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಕ್ಲಿನಿಕ್ಕಿನವರ ಮೇಲಿದ್ದ ಸಿಟ್ಟಿನಲ್ಲಿ ತನ್ನ ಪಾಲೂ ಇದೆಯೆಂದು ತಾಯಿಗೆ ಅರ್ಥವಾಯಿತು. ತಪ್ಪಾಯ್ತು ಎಂದಳು. ಮಗಳು ಪುಟದ ಮೇಲೆ ಬೆರಳಿಟ್ಟು ಅಂಕಿಗಳನ್ನು ಕೊನೆಯ ಸಾಲಿನವರೆಗೆ ಓದಿದಳು.

ಆಮೇಲೆ ಪುಟ್ಟಿ ಸ್ಟೂಲಿನಿಂದ ಎದ್ದು, ಚಿಕ್ಕಂದಿನಲ್ಲಿ ಹೊಸ ಅಂಗಿಗೆ ನಿಲ್ಲುತ್ತಿದ್ದ ಹಾಗೆ ಎರಡೂ ಕೈ ಅಗಲಿಸಿ ನಿಂತಳು. ಹೊಟ್ಟೆ ಒಳಗೆಳೆದುಕೊಳ್ಳಲಿಲ್ಲ.

"ಇನ್ನೊಂದು ಸಲ ಅಳತೆ ತಗೋ. ಬರ್ಕೊಳೋಕೆ ಮುಂಚೆ ಬಾಯಿಬಿಟ್ಟು ಹೇಳು. ಗುರುವಾರ ಆಸ್ಪತ್ರೇಲಿ ಕೇಳಿದ್ರೆ ನಾನೇ ಹೇಳ್ಬೇಕು."

ದರ್ಜಿಯಮ್ಮ ಹೊಕ್ಕುಳ ಮೇಲೆ ಟೇಪು ಸುತ್ತಿದಳು. ಎಳೆಯಲಿಲ್ಲ, ಸಡಿಲ ಬಿಡಲೂ ಇಲ್ಲ.

"ಐವತ್ತೊಂದು" ಎಂದಳು.

"ಐವತ್ತೊಂದು" ಎಂದಳು ಪುಟ್ಟಿ, ಮಕ್ಕಳಿಗೆ ಎಣಿಕೆ ಹೇಳಿಕೊಡುವ ದನಿಯಲ್ಲಿ. ಆಮೇಲೆ ಮೂಳೆ ಡಾಕ್ಟರ ಚೀಟಿಯನ್ನು ಎಲ್ಲಿ ಇಟ್ಟೆ ಎಂದು ಹುಡುಕಲು ಒಳಗೆ ಹೋದಳು.