ಅಣ್ಣ ಆಡದ ಮೈದಾನ

ಒಪ್ಪಂದ ಮುಗಿದರೂ ಫುಟ್‌ಬಾಲ್ ಕ್ಲಬ್ಬಿನವರು ಅಣ್ಣನನ್ನು ಬೇರೆ ತಂಡಕ್ಕೆ ಬಿಡಲಿಲ್ಲ. ಅವನು ಕೋರ್ಟಿಗೆ ಹೋದ. ಗೆಲ್ಲುವಷ್ಟರಲ್ಲಿ ಆಡುವ ವಯಸ್ಸೇ ದಾಟಿತ್ತು. ಸುಮ್ಮನೆ ಹೋರಾಡಿದೆನೇನೋ ಎಂದು ಕೊರಗುತ್ತಿದ್ದ.

ನಿನ್ನೆ, ಕ್ಲಬ್ಬಿನಲ್ಲಿ ಈಗ ಅವನ ಜಾಗದಲ್ಲಿ ಆಡುವ ಹುಡುಗ, ಎಲ್ಲರೂ ಗಿಡ್ಡ ಎಂದು ಕರೆಯುವವನು, ನಮ್ಮ ಮನೆಗೆ ಬಂದ. ಹೊಟ್ಟೆ ಉರಿಸಲು ಬಂದನೇನೋ ಎಂದು ನನಗೆ ದಿಗಿಲಾಯಿತು.

"ಅಣ್ಣಾ, ನನ್ನ ಒಪ್ಪಂದ ಮುಗೀತು, ನದಿಯಾಚೆಯ ತಂಡಕ್ಕೆ ಹೊರಟೆ. ನಿಮ್ಮ ತೀರ್ಪು ತೋರಿಸಿದೆ, ಕ್ಲಬ್ಬಿನವರು ಕೈ ಕೈ ಹಿಸುಕಿಕೊಂಡು ಬಿಟ್ಟುಕೊಟ್ರು. ಮೊದಲು ನಿಮಗೇ ಹೇಳೋಣ ಅಂತ ಬಂದೆ."

ಅಣ್ಣ ಎದ್ದು ಅವನ ಹೆಗಲ ಮೇಲೆ ಕೈ ಹಾಕಿದ.

"ಅಲ್ಲಿಯ ಮೈದಾನ ಎಡಗಡೆ ಇಳಿಜಾರು ಕಣೋ ಗಿಡ್ಡ. ಚೆಂಡನ್ನ ಮೆಲ್ಲಗೆ ತಳ್ಳು."

"ಅಲ್ಲಿ ಆಡಿದ್ರಾ?"

"ಎಲ್ಲಿ ಆಡೋಕೆ ಬಿಟ್ರೋ? ಸೇರ್ಬೇಕು ಅಂತಿದ್ದಾಗ ಒಮ್ಮೆ ಹೋಗಿ ಪೂರ್ತಿ ಸುತ್ತಿ ಬಂದಿದ್ದೆ."

ಗಿಡ್ಡನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಆ ಮೈದಾನದ ಗುಂಡಿ ದಿಬ್ಬಗಳನ್ನೆಲ್ಲ ಒಂದೊಂದಾಗಿ ಹೇಳತೊಡಗಿದ.