ಪ್ಲಾಸ್ಟರ್ ಕಿತ್ತ ಕಲ್ಲುಗಳು

ಯುಗಾದಿ ಹತ್ತಿರ ಬಂತೆಂದರೆ ಮಾರಕ್ಕನ ಕಣ್ಣಿಗೆ ಬಿದ್ದದ್ದಕ್ಕೆಲ್ಲ ಸ್ನಾನ ಖಂಡಿತ. ಎರಡು ಸಾವಿರದ ಹದಿನಾಲ್ಕರ ಯುಗಾದಿಗೆ ಮೊಮ್ಮಗಳು ಮಾಲಾ ಮಂಚದಡಿ ಇಟ್ಟಿದ್ದ ಕಲ್ಲುಗಳೂ ತಪ್ಪಿಸಿಕೊಳ್ಳಲಿಲ್ಲ. ಸಂಜೆ ಯೂನಿವರ್ಸಿಟಿಯಿಂದ ಚಿಕ್ಕಬಾಣಾವರದ ಮನೆಗೆ ಬಂದು ನೋಡುತ್ತಾಳೆ, ಎಲ್ಲವೂ ಜಗಲಿಯ ಮೇಲೆ ಸಾಲಾಗಿ ಒಣಗುತ್ತಿವೆ. ದೊಡ್ಡದೊಂದಕ್ಕೆ ಅರಿಶಿನ ಕುಂಕುಮವೂ ಆಗಿದೆ.

"ಅಜ್ಜಿ, ಮೇಲೆ ಪ್ಲಾಸ್ಟರ್ ಇತ್ತಲ್ಲ?"

"ಗಾಯಕ್ಕೆ ಅಂಟ್ಸೋದನ್ನ ಯಾರೋ ಕಲ್ಲಿಗೆ ಅಂಟ್ಸಿದ್ರು ಕಣವ್ವ. ಕಿತ್ತು ನೀರೊಲೆಗಾಕ್ದೆ."

ಮಾಲಾ ನೀರೊಲೆಗೆ ಓಡಿದಳು, ಬೂದಿ ಬಿಟ್ಟು ಏನೂ ಉಳಿದಿರಲಿಲ್ಲ. ಎಂ.ಎಸ್ಸಿ. ಭೂವಿಜ್ಞಾನದ ಕೊನೆಯ ವರ್ಷ. ಹೆಸರಘಟ್ಟದ ಆಚೆಯ ಬಂಡೆಗಳಿಂದ ತಾನೇ ಸುತ್ತಿಗೆ ಹಿಡಿದು ಒಡೆದು ತಂದ ಕಲ್ಲುಗಳವು. ಯಾವುದು ಯಾವ ಬಂಡೆಯದ್ದೆಂಬ ನಂಬರು ಇದ್ದದ್ದು ಆ ಪ್ಲಾಸ್ಟರಿನ ಮೇಲೆ. ನಂಬರಿಲ್ಲದಿದ್ದರೆ ಅವು ಬರೀ ಜಲ್ಲಿ. ಹಬ್ಬ ಕಳೆದೊಡನೆ ವರದಿ ಕೊಡಬೇಕು, ಅದನ್ನು ಹಿಡಿದುಕೊಂಡು ಗಣಿ ಕಂಪನಿಯೊಂದರ ಇಂಟರ್‌ವ್ಯೂಗೆ ಹೋಗಬೇಕು. ಹುಡುಗಿಯರಿಗೆ ಕಲ್ಲಿನ ಕೆಲಸ ಯಾರು ಕೊಡುತ್ತಾರೆ ಎಂದವರ ಬಾಯಿ ಮುಚ್ಚಿಸಲು ಅವಳು ನೆಚ್ಚಿಕೊಂಡಿದ್ದ ಕೆಲಸ ಅದು.

ಕರಿಕಲ್ಲು, ಕೆಂಪು ಹರಳಿನದು ನೋಡಿದೊಡನೆ ಗುರುತು ಸಿಕ್ಕವು. ಉಳಿದ ಬೂದು ಪಟ್ಟೆಯವು ಒಂದೇ ಮನೆಯ ಅಕ್ಕತಂಗಿಯರ ಹಾಗೆ. ಸಹಪಾಠಿ ವಿಜಯ್ ಕುಮಾರ್‌ಗೆ ಫೋನ್ ಮಾಡಿದಳು.

"ಅಂದಾಜಲ್ಲಿ ಅಂಟಿಸ್ಬಿಡು ಗುರು," ಅಂದ ಅವನು. "ಕಲ್ಲೇನು ಬಂದು ಸಾಕ್ಷಿ ಹೇಳುತ್ತಾ?"

ಅದೂ ನಿಜವೇ. ಹೊಸ ಪ್ಲಾಸ್ಟರ್ ತಂದು ಅಂದಾಜಿನಲ್ಲೇ ನಂಬರು ಬರೆದು ಅಂಟಿಸತೊಡಗಿದಳು. ಮಾರಕ್ಕ ಪಕ್ಕದಲ್ಲಿ ಕೂತು ಒಂದನ್ನು ಎತ್ತಿಕೊಂಡಳು. ಬೀದಿಗೆ ಹೊಸ ಸೊಸೆ ಬರಲಿ, ಬಾಡಿಗೆಯವರು ಬರಲಿ, ಅವಳು ಮೊದಲು ಕೇಳುವುದು ಒಂದೇ.

"ಇದ್ಯಾವೂರ್ದವ್ವ?"

ಯಾವುದೋ ಊರಿನ ಹೆಸರು ಹೇಳಿದ್ದರೆ ಅಜ್ಜಿಗೆ ಸಾಕಾಗುತ್ತಿತ್ತು. ಮಾಲಾ ಆ ಕಲ್ಲನ್ನು ಇಸಿದುಕೊಂಡು ತಿರುಗಿಸಿ ನೋಡಿದಳು. "ಗೊತ್ತಿಲ್ಲ ಅಜ್ಜಿ," ಎಂದವಳಿಗೆ ಅಳು ಒತ್ತರಿಸಿ ಬಂತು. ಇಷ್ಟು ವರ್ಷ ಓದಿದ್ದೇ ಆ ಒಂದು ಪ್ರಶ್ನೆಗೆ ಉತ್ತರ ಕೊಡಲಿಕ್ಕಲ್ಲವೇ. ಅಂಟಿಸಿದ್ದನ್ನೆಲ್ಲ ಕಿತ್ತಳು.

ಗೈಡ್ ರಾಧಾಮಣಿ ಮೇಡಂ ಬೈಯಲಿಲ್ಲ. ತಡವಾದರೂ ಸರಿ, ಆ ಬಂಡೆಗಳ ಹತ್ತಿರ ಮತ್ತೆ ಹೋಗಿ ಬಾ ಎಂದರು. ವರದಿಯಿಲ್ಲದೆ ಇಂಟರ್‌ವ್ಯೂ ಕೈತಪ್ಪಿತು, ಆ ಕೆಲಸ ವಿಜಯ್‌ಗೆ ಸಿಕ್ಕಿತು. ಸುಳ್ಳೇಕೆ ಹೇಳಬೇಕು, ಮಾಲಾಗೆ ಹೊಟ್ಟೆ ಉರಿಯಿತು.

ಹಬ್ಬ ಮುಗಿದು ಕೆಲವು ದಿನಗಳ ಮೇಲೆ ಕಲ್ಲಿನ ಚೀಲ ಹೊತ್ತು ಬಸ್ಸು ಹತ್ತಿದಳು. ಬೇಡವೆಂದರೂ ಮಾರಕ್ಕ ಜೊತೆಗೆ ಹೊರಟಳು. ಮೊದಲ ಬಂಡೆಯಲ್ಲಿ ಸುತ್ತಿಗೆ ಬಿದ್ದ ಜಾಗ ಇನ್ನೂ ಹಸಿಗಾಯದಂತೆ ಕಾಣುತ್ತಿತ್ತು. ಮಾಲಾ ಬೂದು ಕಲ್ಲುಗಳನ್ನು ಒಂದೊಂದಾಗಿ ಅಲ್ಲಿ ಹಿಡಿದು ನೋಡಿದಳು. ಯಾವುದೂ ಕೂರಲಿಲ್ಲ. ಕೊನೆಗೆ ಅರಿಶಿನ ಮೆತ್ತಿದ್ದ ಕಲ್ಲು ಎಳ್ಳಷ್ಟೂ ಸಂದಿಲ್ಲದೆ ಟಕ್ಕೆಂದು ಕೂತಿತು.

ಮಾರಕ್ಕ ಬಗ್ಗಿ ನೋಡಿದಳು. "ತವರು ಸೇರ್ಕಂತು ಬಿಡವ್ವ," ಎಂದು ಮಡಿಲಿನಿಂದ ಪ್ಲಾಸ್ಟರ್ ಸುರುಳಿ ತೆಗೆದು ಕೊಟ್ಟಳು. "ತಗಾ, ಅಂಟ್ಸು. ಇನ್ಮೇಲೆ ನಾನ್ ಮುಟ್ಟಾಕಿಲ್ಲ."