ರುಖಿಯಾ ಕೇಳಿದ ಮೂರು ಸಂಗತಿ

2025ರ ಜನವರಿ 6, ಸೋಮವಾರ, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ. ಮಂಗಳೂರಿನ ಬಂದರ್‌ನಲ್ಲಿ, ಗೋದಾಮುಗಳ ಹಿಂದಿನ ಓಣಿಯ ಕೊನೆಯ ಮನೆಯಲ್ಲಿ, ರುಖಿಯಾ ನಳ್ಳಿ ತಿರುಗಿಸಿದರು. ನಳ್ಳಿ ಮೊದಲು ಕೆಮ್ಮಿತು. ಆಮೇಲೆ ಉದ್ದಕ್ಕೆ ಉಸಿರು ಬಿಟ್ಟಿತು. ಕೊನೆಗೆ ಬಹಳ ಯೋಚನೆ ಮಾಡಿದಂತೆ ಒಂದು ಹನಿ ಕೊಟ್ಟಿತು.

ರುಖಿಯಾ ಕೊಡ ಎತ್ತಿಕೊಂಡು ಓಣಿಯ ಬಾಯಿಯಲ್ಲಿರುವ ಅಮ್ಮಣಿಯ ಮನೆಗೆ ನಡೆದರು. ಅಮ್ಮಣಿಯ ಮನೆಗೆ ದೊಡ್ಡ ರಸ್ತೆಯ ಪೈಪು. ಅಲ್ಲಿ ನೀರಿಗೆ ತೊಂದರೆ ಇಲ್ಲ.

"ಎಂತ ರುಖಿಯಾ, ಇವತ್ತೂ ಇಲ್ವಾ?"

"ಉಂಟಲ್ಲ. ಗಾಳಿ ಧಾರಾಳ ಉಂಟು. ಸೈಕಲ್ ತಂದ್ರೆ ಚಕ್ರಕ್ಕೆ ತುಂಬಿಸಿ ಕೊಡ್ತೇನೆ."

ಅಮ್ಮಣಿ ನಕ್ಕರು, ರುಖಿಯಾ ಕೂಡ ನಕ್ಕರು. ಆದರೆ ಸಂಗತಿ ನಗುವಂಥದ್ದಲ್ಲ. ಗಂಡ ತೀರಿಕೊಂಡ ಮೇಲೆ ರುಖಿಯಾ ಪತ್ತಿರ್ ಎಂಬ ತೆಳು ಅಕ್ಕಿ ರೊಟ್ಟಿ ಮಾಡಿ ಹೋಟೆಲುಗಳಿಗೆ ಕೊಟ್ಟು ಸಂಸಾರ ನಡೆಸುತ್ತಿದ್ದರು. ಅಕ್ಕಿ ನೆನೆಸಲು ನೀರು, ತೊಳೆಯಲು ನೀರು, ಅರೆಯಲು ನೀರು. ಮಾರ್ಚ್ ಆರಂಭದಲ್ಲಿ ರಂಝಾನ್. ಆ ಒಂದು ತಿಂಗಳ ಪತ್ತಿರ್ ವ್ಯಾಪಾರದಿಂದಲೇ ಅವರಿಗೆ ಮಳೆಗಾಲ ಕಳೆಯುತ್ತಿತ್ತು. ಹೋಟೆಲಿನ ಬದ್ರುದ್ದೀನ್ ಈಗಾಗಲೇ ಹೇಳಿಬಿಟ್ಟಿದ್ದರು: "ಫೆಬ್ರವರಿ ಮುಗಿಯುವ ಮೊದಲು ನೀರಿನ ವ್ಯವಸ್ಥೆ ಆಗ್ಬೇಕು ರುಖಿಯಾ. ಇಲ್ಲದಿದ್ರೆ ನಾನು ಕೂಳೂರಿನಿಂದ ಮೆಷಿನ್ ಪತ್ತಿರ್ ತರಿಸ್ಬೇಕಾಗ್ತದೆ."

ನೀರಿನ ಕಚೇರಿಗೆ ರುಖಿಯಾ ಹೋಗದೆ ಇರಲಿಲ್ಲ. ಪ್ರತಿಸಲವೂ ಕಿಟಕಿಯ ಆಚೆಯಿಂದ ಒಂದೇ ಉತ್ತರ: "ಬೇಸಿಗೆ ಅಲ್ವಾ ಅಮ್ಮ, ಪ್ರೆಶರ್ ಕಮ್ಮಿ." ಮಳೆಗಾಲ ಆಗಷ್ಟೇ ಮುಗಿದ ನವೆಂಬರಿನಲ್ಲೂ ಇದೇ ಮಾತು. ಮಂಗಳೂರಿನಲ್ಲಿ ಬೇಸಿಗೆ ಇಷ್ಟು ಬೇಗ ಬರುತ್ತದೆಂದು ರುಖಿಯಾಗೆ ಗೊತ್ತೇ ಇರಲಿಲ್ಲ.

ತುಂಬಿದ ಕೊಡ ಹೊತ್ತು ಅವರು ವಾಪಸು ಬರುವಾಗ, ಓಣಿಯ ನಡುವೆ ಅಣ್ಣ ಹಾಶಿಂ ತನ್ನ ಒಣಮೀನಿನ ಅಂಗಡಿ ಎದುರಿನ ಕಟ್ಟೆಯ ಮೇಲೆ ಕುರ್ಚಿ ಹಾಕಿ ಕೂತಿದ್ದರು. ಹಿಂದಿನ ವರ್ಷ ಓಣಿಗೆ ಕಾಂಕ್ರೀಟ್ ಹಾಕಿದಾಗ ಉಳಿದ ಸಿಮೆಂಟಿನಲ್ಲಿ ಅವರೇ ಕಟ್ಟಿಸಿದ ಕಟ್ಟೆ ಅದು. ಮೀನಿನ ಗೋಣಿ ಇಳಿಸಲು ಅನುಕೂಲ, ಊರಿಗೆ ಬುದ್ಧಿ ಹೇಳಲೂ ಅನುಕೂಲ.

"ನಾನು ಆವಾಗಲೇ ಹೇಳಿದ್ದೇನೆ," ಎಂದರು ಹಾಶಿಂ. "ಆಫೀಸಲ್ಲಿ ಗುರ್ತದವರು ಬೇಕು. ಗುರ್ತದವರು ಇಲ್ಲದಿದ್ರೆ ನೀರೂ ಇಲ್ಲ."

"ನಿಮ್ಗೆ ಅಷ್ಟು ಜನ ಗುರ್ತ ಉಂಟಲ್ಲ ಕಾಕ?" ಎಂದರು ರುಖಿಯಾ. ಬ್ಯಾರಿ ಮಾತಿನಲ್ಲಿ ಕಾಕ ಎಂದರೆ ಅಣ್ಣ.

"ಉಂಟು. ಅವರೆಲ್ಲ ಮೀನಿನ ಗುರ್ತ. ನೀರಿನದ್ದು ಬೇರೆ."

ಅಷ್ಟರಲ್ಲಿ ಅಮ್ಮಣಿಯ ಮಗಳು ಭವ್ಯಶ್ರೀ ಆ ದಾರಿಯಾಗಿ ಬಂದಳು. ಅತ್ತಾವರದ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಅವಳಿಗೆ ಕೆಲಸ.

"ಹಾಶಿಮಾಕ, ಗುರ್ತ ಎಂತಕ್ಕೆ? ಮಾಹಿತಿ ಹಕ್ಕು ಅಂತ ಕಾನೂನು ಉಂಟಲ್ಲ. ನಮ್ಮ ಓಣಿಗೆ ಯಾಕೆ ನೀರಿಲ್ಲ ಅಂತ ಗೊತ್ತಾಗುವ ಕಾಗದ ಆಫೀಸಲ್ಲಿ ಇರ್ತದೆ. ಅದನ್ನು ಕೇಳಿ ತೆಗೆದುಕೊಳ್ಬಹುದು."

"ಅದು ವಕೀಲರಿಗೆ, ಟಿವಿಯವರಿಗೆ ಇರುವುದು ಮಾರಾಯ್ತಿ. ಪತ್ತಿರ್ ಮಾಡುವವರಿಗೆ ಅಲ್ಲ."

"ಯಾರಿಗೂ ಆಗ್ತದೆ. ಯಾಕೆ ಬೇಕು ಅಂತ ಕಾರಣ ಸಹ ಹೇಳ್ಬೇಕಂತ ಇಲ್ಲ. ಅರ್ಜಿಗೆ ಹತ್ತು ರೂಪಾಯಿ. ಬಿಪಿಎಲ್ ಕಾರ್ಡ್ ಇದ್ರೆ ಅದೂ ಬೇಡ. ಮೂವತ್ತು ದಿನದ ಒಳಗೆ ಉತ್ತರ ಕೊಡ್ಲೇಬೇಕು."

ಹಾಶಿಂ ಕುರ್ಚಿಯಲ್ಲಿ ನೆಟ್ಟಗೆ ಕೂತರು. ಹತ್ತು ರೂಪಾಯಿಗೆ ಸರ್ಕಾರ ಏನನ್ನೋ ಮಾರುತ್ತಿದೆ ಎಂದರೆ, ಅದು ವ್ಯಾಪಾರ. ವ್ಯಾಪಾರ ಎಂದರೆ ತನ್ನ ಕ್ಷೇತ್ರ.

"ಬರೆಯುವುದು ನನಗೆ ಬಿಡಿ," ಎಂದರು.

ಬಂದರ್‌ನ ಸಗಟು ಅಂಗಡಿಗಳಲ್ಲಿ ಕೇಳುವುದಕ್ಕೆ ಒಂದು ಕ್ರಮವಿದೆ. ಹತ್ತು ಗೋಣಿ ಬೇಕಿದ್ದವನು ನೂರು ಗೋಣಿಯ ಮಾತೆತ್ತುತ್ತಾನೆ. ಆಚೆಯವನು ಇಳಿಸುತ್ತಾನೆ, ಈಚೆಯವನು ಮುಖ ಸಿಂಡರಿಸುತ್ತಾನೆ, ನಡುವೆ ಒಂದು ಚಹಾ ಆಗುತ್ತದೆ, ಕೊನೆಗೆ ಹತ್ತಕ್ಕೆ ನಿಲ್ಲುತ್ತದೆ. ಹಾಶಿಂ ಹುಟ್ಟಿದಾಗಿನಿಂದ ಕಂಡದ್ದು ಇದೇ. ಆದ್ದರಿಂದ ತನ್ನ ಹೆಸರಿನಲ್ಲಿ ಹಾಕಿದ ಅರ್ಜಿಯಲ್ಲಿ ಅವರು, 1990ರಿಂದ ಇಂದಿನವರೆಗೆ ಇಡೀ ಬಂದರ್‌ನ ಎಲ್ಲ ಪೈಪು, ಎಲ್ಲ ಪಂಪು, ಎಲ್ಲ ಬಿಲ್ಲು, ಎಲ್ಲ ಪತ್ರಗಳ ನಕಲು ಬೇಕೆಂದು ಬರೆದರು. ಕೊನೆಯಲ್ಲಿ, ನಮ್ಮ ಓಣಿಗೆ ನೀರು ಯಾಕೆ ಬರುವುದಿಲ್ಲ, ನಿಮಗೆ ನಾಚಿಕೆ ಆಗುವುದಿಲ್ಲವೇ, ಎಂಬ ಪ್ರಶ್ನೆಯನ್ನೂ ಸೇರಿಸಿದರು.

"ಇಷ್ಟೆಲ್ಲ ಯಾಕೆ ಕಾಕ?" ಎಂದು ರುಖಿಯಾ ಕೇಳಿದರು.

"ನೀನು ನೋಡ್ತಾ ಇರು. ಅವರು ಇಳಿಸ್ತಾರೆ."

ಅವರು ಇಳಿಸಲಿಲ್ಲ. ಜನವರಿ ಕೊನೆಯ ವಾರದಲ್ಲಿ ಉತ್ತರ ಬಂತು: ಕೇಳಿದ ದಾಖಲೆಗಳು ಸುಮಾರು ಏಳು ಸಾವಿರ ಪುಟ ಆಗುತ್ತವೆ, ನಕಲಿನ ಶುಲ್ಕ ಕಟ್ಟಿದರೆ ಕೊಡುತ್ತೇವೆ, ಇಲ್ಲವೇ ಕಚೇರಿಗೆ ಬಂದು ನೋಡಬಹುದು. ನಾಚಿಕೆಗೆ ಸಂಬಂಧಿಸಿದ ದಾಖಲೆ ಕಚೇರಿಯಲ್ಲಿ ಲಭ್ಯವಿಲ್ಲ.

ಹಾಶಿಂ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಚೌಕಾಸಿಗೆ ಹೊರಟರು. ರುಖಿಯಾ ಜೊತೆಗೆ ಹೋದರು. ಮಾಹಿತಿ ಅಧಿಕಾರಿಯ ಹೆಸರು ಫ್ಲೋಯ್ಡ್. ಕನ್ನಡಕ ಹಾಕಿದ, ತಾಳ್ಮೆಯ ಮನುಷ್ಯ.

"ನೋಡಿ ಸಾರ್," ಎಂದರು ಹಾಶಿಂ, ಸ್ವರ ತಗ್ಗಿಸಿ. "ಏಳು ಸಾವಿರ ಜಾಸ್ತಿಯಾಯ್ತು. ನಿಮ್ದೂ ಬೇಡ, ನನ್ದೂ ಬೇಡ. ಎರಡು ಸಾವಿರ ಪುಟಕ್ಕೆ ಮುಗಿಸುವ."

ಫ್ಲೋಯ್ಡ್ ಕನ್ನಡಕ ತೆಗೆದರು. "ಯಾವ ಎರಡು ಸಾವಿರ?"

"ಒಳ್ಳೆಯದ್ದು ನೋಡಿ ನೀವೇ ಆರಿಸಿ ಕೊಡಿ."

"ಸಾಹೇಬ್ರೇ, ಇದು ಬಂಗುಡೆ ಮೀನು ಅಲ್ಲ. ನಿಮ್ಗೆ ಬೇಕಾದ್ದು ಎಂತ ಅಂತ ಸರಿಯಾಗಿ ಬರೆದು ಕೊಡಿ. ಅದು ನನ್ನ ಹತ್ರ ಇದ್ರೆ ಕೊಡ್ಲಿಕ್ಕೆ ನನಗೆಂತ ಕಷ್ಟ?"

ಹಾಶಿಂ ಇನ್ನೊಂದು ದರ ಹೇಳಲು ಬಾಯಿ ತೆರೆದರು. ರುಖಿಯಾ ಅವರ ಕೈ ಹಿಡಿದು ಎಬ್ಬಿಸಿಕೊಂಡು ಬಂದರು. ದಾರಿಯುದ್ದಕ್ಕೂ ಹಾಶಿಂ ಹೇಳಿದ್ದು ಒಂದೇ ಮಾತು: "ಒಂದು ಚಹಾ ಸಹ ಕೇಳ್ಲಿಲ್ಲ. ಇವರೊಟ್ಟಿಗೆ ವ್ಯಾಪಾರ ಮಾಡುವುದು ಹೇಗೆ?"

ಅಂದು ಸಂಜೆ ರುಖಿಯಾ ಭವ್ಯಶ್ರೀಯ ಎದುರು ಕೂತರು. ಬದ್ರುದ್ದೀನ್ ಕೊಟ್ಟ ಗಡುವಿಗೆ ಉಳಿದದ್ದು ಒಂದೇ ತಿಂಗಳು.

"ನನಗೆ ಎಂತ ಕೇಳ್ಬೇಕು ಅಂತಲೇ ಗೊತ್ತಿಲ್ಲ ಭವ್ಯಾ. ನೀರು ಯಾಕಿಲ್ಲ ಅಂತ ಕೇಳಿದ್ರೆ ಆಗುದಿಲ್ವಾ?"

"ನಮ್ಮ ಲ್ಯಾಬಿಗೆ ರಕ್ತ ಕಳಿಸಿ, ಈ ಮನುಷ್ಯ ಯಾಕೆ ಹೀಗೆ ಅಂತ ಕೇಳಿದ್ರೆ ನಾವು ಎಂತ ಮಾಡ್ಲಿಕ್ಕಾಗ್ತದೆ ರುಖಿಯಕ್ಕ? ಸಕ್ಕರೆ ಎಷ್ಟು ಅಂತ ಕೇಳಿದ್ರೆ ಸಕ್ಕರೆ ಹೇಳ್ತೇವೆ. ಇದೂ ಹಾಗೆಯೇ. ಅವರ ಹತ್ರ ಇರುವ ದಾಖಲೆ ಕೇಳ್ಬೇಕು. ಈಗ ಹೇಳಿ, ನೀರು ನಿಮ್ಮ ಮನೆಗೆ ಬರುದು ಯಾವ ದಾರಿಯಲ್ಲಿ?"

"ಪೈಪಲ್ಲಿ."

"ಆ ಪೈಪಿನ ನಕ್ಷೆ ಕೇಳುವ. ಯಾರು ಬಿಡುದು?"

"ವಾಲ್ವ್ ತಿರುಗಿಸುವ ಜನ ಬರ್ತಾನೆ."

"ಅವನು ದಿನಾ ಬರೆದಿಡುವ ಪುಸ್ತಕ ಉಂಟು. ಕಳೆದ ಮೂರು ತಿಂಗಳದ್ದರ ನಕಲು ಕೇಳುವ. ಇನ್ನೊಂದು, ಜಾಗಕ್ಕೇ ಹೋಗಿ ಕಣ್ಣಾರೆ ನೋಡುವ ಹಕ್ಕೂ ಉಂಟು. ಅದನ್ನೂ ಬರೆಯುವ."

"ಅಷ್ಟೇ ಸಾಕಾ?" ರುಖಿಯಾಗೆ ಸ್ವಲ್ಪ ನಾಚಿಕೆಯಾಯಿತು. ಹಾಶಿಮಾಕನ ಅರ್ಜಿ ನಾಲ್ಕು ಪುಟವಿತ್ತು. ಇದು ಅರ್ಧ ಪುಟವೂ ಆಗಲಿಲ್ಲ.

"ನನ್ನ ಕನ್ನಡ ಅಷ್ಟಕ್ಕಷ್ಟೆ. ಬರೆದದ್ದು ತಪ್ಪಾದ್ರೆ?"

"ಬರೆಯಲಿಕ್ಕೇ ಬಾರದವರಿಗೂ ಆ ಅಧಿಕಾರಿಯೇ ಬರೆಯಲು ಸಹಾಯ ಮಾಡ್ಬೇಕು ಅಂತ ಕಾನೂನಲ್ಲಿ ಉಂಟು. ನಿಮ್ಮ ಕನ್ನಡಕ್ಕೆ ಎಂತ ಕಡಿಮೆ?"

ಮರುದಿನ ರುಖಿಯಾ ಬಿಪಿಎಲ್ ಕಾರ್ಡಿನ ನಕಲು ಸೇರಿಸಿ ಅರ್ಜಿ ಕೊಟ್ಟು, ಸ್ವೀಕರಿಸಿದ್ದಕ್ಕೆ ಮೊಹರು ಹಾಕಿಸಿಕೊಂಡು ಬಂದರು. ಹಾಶಿಂ ಕಟ್ಟೆಯ ಮೇಲಿಂದಲೇ ತೀರ್ಪು ಕೊಟ್ಟರು: "ಇಷ್ಟು ಸಣ್ಣದು ಕೇಳಿದ್ರೆ ಗಿರಾಕಿ ಅಂತಲೇ ಲೆಕ್ಕಕ್ಕೆ ಇಡುದಿಲ್ಲ."

ಫೆಬ್ರವರಿ 20ಕ್ಕೆ ಉತ್ತರ ಬಂತು. ಭವ್ಯಶ್ರೀ ವಾಲ್ವ್ ಪುಸ್ತಕದ ನಕಲನ್ನು ಗಟ್ಟಿಯಾಗಿ ಓದಿದಳು. ಅವರ ಓಣಿಯ ವಾಲ್ವಿನ ಎದುರು ಪ್ರತಿದಿನವೂ ಒಂದೇ ಬರಹ: ವಾಲ್ವ್ ಸಿಕ್ಕಿಲ್ಲ. ವಾಲ್ವ್ ಸಿಕ್ಕಿಲ್ಲ. ವಾಲ್ವ್ ಸಿಕ್ಕಿಲ್ಲ.

"ಅಯ್ಯೋ ದೇವರೇ, ಪೊಲೀಸಿಗೆ ದೂರು ಕೊಡ್ಬೇಕಿತ್ತು," ಎಂದರು ಅಮ್ಮಣಿ. "ಮನೆ ಬಿಟ್ಟು ಹೋದಾಗ ಎಂತ ಬಣ್ಣದ ಅಂಗಿ ಹಾಕಿತ್ತಂತೆ?"

ಬರೆದವನು ದಿನವೂ ಬರೆದಿದ್ದ. ಓದಬೇಕಾದವರು ಒಂದು ದಿನವೂ ಓದಿರಲಿಲ್ಲ. ಬೇಸಿಗೆ ಎಂದು ಹೇಳುವುದು ಸುಲಭವಾಗಿತ್ತು.

ಸ್ಥಳ ನೋಡಲು ಸೋಮವಾರ ಬೆಳಿಗ್ಗೆ ನಿಗದಿಯಾಯಿತು. ಫ್ಲೋಯ್ಡ್ ಅವರ ಜೊತೆ ಒಬ್ಬ ಎಂಜಿನಿಯರ್, ಒಬ್ಬ ಕೆಲಸಗಾರ. ನಕ್ಷೆಯ ಪ್ರಕಾರ, ಗೋದಾಮಿನ ಮೂಲೆಯಿಂದ ಒಂಬತ್ತೂವರೆ ಮೀಟರ್ ದೂರದಲ್ಲಿ, ರಸ್ತೆಯ ಬಲ ಅಂಚಿನಲ್ಲಿ ವಾಲ್ವಿನ ಗುಂಡಿ ಇರಬೇಕಿತ್ತು. ಭವ್ಯಶ್ರೀ ಮೂಲೆಯಲ್ಲಿ ಟೇಪಿನ ತುದಿ ಹಿಡಿದಳು. ಎಂಜಿನಿಯರ್ ಬಿಚ್ಚುತ್ತಾ ನಡೆದರು. ಅರ್ಧ ಓಣಿ ಹಿಂದೆಯೇ ನಡೆಯಿತು. ಟೇಪು ಹೋಗಿ ಹೋಗಿ ಹಾಶಿಂ ಅವರ ಕುರ್ಚಿಯ ಕಾಲಿಗೆ ತಾಗಿ ನಿಂತಿತು.

"ಕಾಕ," ಎಂದರು ರುಖಿಯಾ, "ಸ್ವಲ್ಪ ಏಳಿ."

"ಯಾಕೆ? ಇದು ನನ್ನ ಕಟ್ಟೆ."

"ಕಟ್ಟೆ ನಿಮ್ದು. ಅಡಿಯಲ್ಲಿರುವುದು ನಮ್ಮ ನೀರು."

ಹಾಶಿಂ ಟೇಪು ನೋಡಿದರು, ನಕ್ಷೆ ನೋಡಿದರು, ತಂಗಿಯ ಸೊಂಟದ ಮೇಲಿನ ಕೊಡ ನೋಡಿದರು. ರಸ್ತೆಗೆ ಕಾಂಕ್ರೀಟ್ ಹಾಕುವಾಗ ಕೆಲಸದವರು ಕಾಲು ಭಾಗ ಮಾತ್ರ ತೆರೆದಿಟ್ಟು, ಆಮೇಲೆ ಕಟ್ಟೆಯ ಅಡಿಗೆ ಹೋದ ವಾಲ್ವಿನ ಮೇಲೆ ಅವರು ಅಷ್ಟು ದಿನ ಕೂತು, ನೀರು ತರಿಸುವ ದಾರಿ ಹೇಳಿಕೊಟ್ಟಿದ್ದರು.

ಹಳೆಯ ಅಭ್ಯಾಸ ಸುಮ್ಮನೆ ಬಿಡುವುದಿಲ್ಲ. "ಒಂದು ಅಡಿ ಒಡೆದ್ರೆ ಸಾಕಾ ಸಾರ್?"

"ಮೂರು ಅಡಿ."

"ಎರಡಕ್ಕೆ ಮುಗಿಸುವ."

"ಹಾಶಿಮಾಕ!" ಎಂದಿತು ಓಣಿ, ಒಂದೇ ಧ್ವನಿಯಲ್ಲಿ.

ಹಾಶಿಂ ಕುರ್ಚಿ ಎತ್ತಿಕೊಂಡು ಕೆಳಗಿಳಿದರು. "ಎಲ್ಲ ಒಡೆಯಿರಿ ಮಾರಾಯ್ರೇ. ನನ್ನ ತಂಗಿ ಒಂದು ವರ್ಷದಿಂದ ನನ್ನೆದುರೇ ಕೊಡ ಹೊರ್ತಾ ಇದ್ದಾಳೆ." ಆಮೇಲೆ ಅವರು ಯಾರ ಮುಖವನ್ನೂ ನೋಡದೆ ಅಂಗಡಿಯೊಳಗಿಂದ ತಾವೇ ಹಾರೆ ತಂದುಕೊಟ್ಟರು.

ಗುರುವಾರದ ಹೊತ್ತಿಗೆ ವಾಲ್ವ್ ಪೂರ್ತಿ ತೆರೆದು, ಹೊಸ ಚೇಂಬರ್ ಕಟ್ಟಿ ಮುಚ್ಚಳ ಹಾಕಿದ್ದಾಯಿತು. ಅದೇ ಸಂಜೆ ಬದ್ರುದ್ದೀನ್ ಮನೆಗೆ ಬಂದು, ರಂಝಾನಿಗೆ ಪತ್ತಿರ್ ರುಖಿಯಾ ಅವರದ್ದೇ ಎಂದು ಮಾತು ಕೊಟ್ಟು ಹೋದರು. ಹಾಶಿಂ ಈಗ ಬೀದಿದೀಪದ ವಿಷಯದಲ್ಲಿ ಒಂದು ಅರ್ಜಿ ಬರೆಯುತ್ತಿದ್ದಾರೆ. ಅರ್ಧ ಪುಟ ದಾಟದಂತೆ ಭವ್ಯಶ್ರೀಗೆ ತೋರಿಸಿ ತೋರಿಸಿ ಬರೆಯುತ್ತಿದ್ದಾರೆ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ದುಡ್ಡಿದ್ದವರಿಗೆ ನೀರಿಲ್ಲದಿದ್ದರೆ ಟ್ಯಾಂಕರ್ ಬರುತ್ತದೆ. ಕಾರಣ ತಿಳಿಯದಿದ್ದರೂ ಅವರ ದಿನ ನಡೆಯುತ್ತದೆ. ಇಲ್ಲದವರಿಗೆ ಕಾರಣ ತಿಳಿಯಲೇಬೇಕು. ನಿಮ್ಮ ರೇಷನ್, ಪಿಂಚಣಿ, ಚರಂಡಿ, ನಳ್ಳಿ, ಯಾವುದರ ಕಡತ ಕಚೇರಿಯಲ್ಲಿದ್ದರೂ ಅದನ್ನು ಕೇಳಿ ಪಡೆಯುವ ಹಕ್ಕು ನಿಮ್ಮದು. ಬೇಕಾದಷ್ಟನ್ನೇ, ಸ್ಪಷ್ಟವಾಗಿ ಕೇಳಿ. ಅರ್ಜಿ ಕೊಟ್ಟದ್ದಕ್ಕೆ ಮೊಹರು ಹಾಕಿಸಿಕೊಳ್ಳಿ. ಮೂವತ್ತು ದಿನದಲ್ಲಿ ಉತ್ತರ ಬಾರದಿದ್ದರೆ ಅದೇ ಇಲಾಖೆಯ ಮೇಲಧಿಕಾರಿಗೆ ಮೇಲ್ಮನವಿ ಕೊಡಿ. ಹೆದರಬೇಡಿ, ಯಾರ ಗುರುತೂ ಬೇಡ.

ಫೆಬ್ರವರಿ 28ರ ಬೆಳಿಗ್ಗೆ ರುಖಿಯಾ ಅವರ ನಳ್ಳಿಯಲ್ಲಿ ಬಂದ ನೀರನ್ನು ಭವ್ಯಶ್ರೀ ಅಳೆದಳು. ನಿಮಿಷಕ್ಕೆ ಹದಿಮೂರೂವರೆ ಲೀಟರ್.